ಪಾದದಡಿಯ ಚಿನ್ನ

“ಸ್ವಲ್ಪ ತಾಳು ಮಗಳೇ,” ಎಂದಳು ಸೊಯ್ಲಾ.

ಪಟ್ಟಣದ ಪ್ರಯೋಗಾಲಯದ ಹುಡುಗಿ ಆಂಪಾರೊ ಲೇಸರ್ ಯಂತ್ರದ ಗುಂಡಿಯಿಂದ ಬೆರಳು ತೆಗೆದಳು. ಗಾಜಿನ ಪೆಟ್ಟಿಗೆಯೊಳಗಿನ ಚಿಟಿಚಿಟಿ ಸದ್ದು ನಿಂತಿತು. ಬಾಲಯೇಸು ಅಲ್ಲಿ ಅಂಗಾತ ಮಲಗಿದ್ದ. ಬೆಳ್ಳಿಯ ಪಾದುಕೆ ಕಳಚಿದ ಎಡಗಾಲು ಮಾತ್ರ ದೀಪದ ಕೆಳಗಿತ್ತು. ಮೊಳದುದ್ದದ ಮರದ ಮಗು. ಅವನ ಕಣ್ಣುಗಳು ಮೇಲಿನ ಸೂರನ್ನು ನೋಡುತ್ತಿದ್ದವು.

ನೋವಾಯಿತೇನೋ ಎಂಬಂತೆ ಸೊಯ್ಲಾ ಅವನ ಮುಖವನ್ನು ನೋಡಿದಳು. ಆಮೇಲೆ ಶಿಲುಬೆಯ ಗುರುತು ಹಾಕಿಕೊಂಡು, “ಹೂಂ, ಮುಂದುವರಿಸು,” ಎಂದಳು.

ಒಂಬತ್ತು ವರ್ಷದ ಹಿಂದೆ ಸಾನ್ ಅಂತೋನಿಯೊದ ಇಗರ್ಜಿಯಿಂದ ಈ ಮಗುವೂ ಸೊಯ್ಲಾಳ ಗಂಡ ಎವಾರಿಸ್ತೊನೂ ಒಂದೇ ದಿನ ಕಾಣೆಯಾಗಿದ್ದರು. ಮಗು ಮಾತ್ರ ಈಗ ಮರಳಿತ್ತು.

ಮರಳಿ ತಂದವನು ಮೂಲೆಯ ಕುರ್ಚಿಯಲ್ಲಿ, ಊರುಗೋಲನ್ನು ಗೋಡೆಗೊರಗಿಸಿ, ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ದೊನ್ ಫಿದೆಲ್, ಊರಿನ ಹಿರಿಯ ಮರಗೆತ್ತನೆಯವನು. ಎವಾರಿಸ್ತೊನಿಗೆ ಉಳಿ ಹಿಡಿಯಲು ಕಲಿಸಿದ ಗುರು, ಅವನ ಮದುವೆಗೆ ಸಾಕ್ಷಿ ನಿಂತವನು. ಅಂದಿನಿಂದ ಸೊಯ್ಲಾಳಿಗೆ ಅವನು ಕೊಂಪಾದ್ರೆ, ಅವನಿಗೆ ಅವಳು ಕೊಮಾದ್ರೆ. ಒಡಹುಟ್ಟಿದವರಿಗಿಂತ ಒಂದು ಕೈ ಹೆಚ್ಚಿನ ನಂಟು.

“ಇಷ್ಟು ದೊಡ್ಡ ಯಂತ್ರ ಇಷ್ಟು ಸಣ್ಣ ತೂತು ಕೊರೆಯೋಕಾ?” ಎಂದ ಫಿದೆಲ್. “ನಮ್ಮೂರ ಗೆದ್ದಲು ಇದನ್ನೇ ಮಾಡುತ್ತೆ. ಅದಕ್ಕೆ ಕರೆಂಟೂ ಬೇಡ.”

“ಗೆದ್ದಲು ಎಲ್ಲಿ ನಿಲ್ಲಬೇಕು ಅಂದರೆ ಅಲ್ಲಿ ನಿಲ್ಲುತ್ತಾ ದೊನ್ ಫಿದೆಲ್?” ಎಂದಳು ಆಂಪಾರೊ, ಪರದೆಯಿಂದ ಕಣ್ಣು ತೆಗೆಯದೆ. “ಇದು ನಿಲ್ಲುತ್ತೆ. ಒಂದೊಂದು ಮಿಡಿತಕ್ಕೆ ಕೂದಲಿನ ದಪ್ಪದಲ್ಲಿ ನೂರರಲ್ಲೊಂದು ಪಾಲು, ಅಷ್ಟೇ ಹೋಗೋದು.”

“ಸುಡೋದಿಲ್ಲವಾ?”

“ಸುಡೋಕೆ ಬಿಸಿ ಪಕ್ಕಕ್ಕೆ ಹರೀಬೇಕು. ಹರಿಯೋಕೆ ಹೊತ್ತು ಬೇಕು. ಆ ಹೊತ್ತನ್ನೇ ನಾವು ಕೊಡಲ್ಲ. ಬೆಳಕು ಬಂದು ಹೋಗಿರುತ್ತೆ, ಕೆಳಗಿನ ಪದರಕ್ಕೆ ಮೇಲಿನದು ಹೋದದ್ದೇ ಗೊತ್ತಾಗಲ್ಲ.”

ಸೊಯ್ಲಾ ಆ ಮಾತನ್ನು ಮನಸ್ಸಿನಲ್ಲೇ ಹಿಡಿದುಕೊಂಡಳು. ಕೆಲವರು ಹಾಗೆಯೇ ಹೋಗುತ್ತಾರೆ.

ಅವಳು ಪೊಲೀಸು ಕೆಲಸದಲ್ಲಿ ಇದ್ದಷ್ಟು ಕಾಲವೂ ಕಳುವಾದ ಸಂತರನ್ನೂ ದೇವದೂತರನ್ನೂ ಹುಡುಕಿ ಅವರವರ ಪೀಠಕ್ಕೆ ತಲುಪಿಸಿದ್ದಳು. ನಿವೃತ್ತಳಾದ ಮೇಲೆ ಊರಿನ ಪಾದ್ರಿಗಳು ಇದೊಂದನ್ನು ಅವಳ ಮೇಲೆ ಹಾಕಿದರು. ಹಾಕಲು ಕಾರಣವಿತ್ತು. ಕೀಟೊ ಪಟ್ಟಣದ ಹಳೆಯ ಸಾಮಾನಿನ ವ್ಯಾಪಾರಿ ಬೆಲಿಸಾರಿಯೊ, ನಿಜವಾದ ಮಗು ತನ್ನ ಅಂಗಡಿಯಲ್ಲಿದೆ, ಫಿದೆಲ್ ತಂದದ್ದು ನಕಲು ಎಂದು ಸಾರುತ್ತಿದ್ದ. ಯಾರ ಮಾತು ದಿಟ?

ಉತ್ತರ ಮಗುವಿನ ಚರ್ಮದಲ್ಲೇ ಇತ್ತು. ಸಾನ್ ಅಂತೋನಿಯೊದಲ್ಲಿ ಪ್ರತಿ ಕ್ರಿಸ್ಮಸ್‌ಗೂ ಹಬ್ಬದ ಹೊಣೆ ಹೊತ್ತ ಮನೆಯವರು ಅವನ ಮುಖಕ್ಕೆ, ಕೈಕಾಲಿಗೆ ಹೊಸದಾಗಿ ಮೈಬಣ್ಣ ಹಚ್ಚಿಸುತ್ತಾರೆ. ಹಳೆಯದನ್ನು ಕೆರೆಯುವಂತಿಲ್ಲ. ಮಗುವಿನ ಮೈ ಕೆರೆಯುವುದೆಂದರೆ ಆ ಊರಿನವರಿಗೆ ಎಣಿಸಲೂ ಆಗದ ಪಾಪ. ಹೊಸ ಬಣ್ಣದ ಮೇಲೆ ವರ್ಷವಿಡೀ ಮೇಣದಬತ್ತಿಯ ಮಸಿ ಕೂರುತ್ತದೆ. ಮಸಿಯ ಮೇಲೆ ಮತ್ತೆ ಬಣ್ಣ. ಹೀಗೆ ಅಜ್ಜ ಮುತ್ತಜ್ಜಂದಿರ ಕ್ರಿಸ್ಮಸ್‌ಗಳೆಲ್ಲ ಆ ಪುಟ್ಟ ಪಾದದ ಮೇಲೆ ಒಂದರ ಮೇಲೊಂದು ಕೂತಿದ್ದವು.

ಆ ಪದರಗಳ ನಡುವೆ ಎಲ್ಲೋ ಒಂದು ಕಡೆ, ಇಬ್ಬರಿಗೆ ಮಾತ್ರ ಗೊತ್ತಿದ್ದ ಒಂದು ಗುರುತಿತ್ತು.

ಮಗು ಕಾಣೆಯಾಗುವ ಹಿಂದಿನ ಕ್ರಿಸ್ಮಸ್ಸಿನಲ್ಲಿ ಹಬ್ಬದ ಹೊಣೆ ಸೊಯ್ಲಾಳ ಮನೆಯದ್ದಾಗಿತ್ತು. ಮದುವೆಯಾಗಿ ಬಹಳ ಕಾಲವಾಗಿದ್ದರೂ ಮಡಿಲು ತುಂಬಿರಲಿಲ್ಲ. ಹರಕೆ ಹೊತ್ತರು. ಎವಾರಿಸ್ತೊ ಬಣ್ಣ ಹಚ್ಚುವ ಮೊದಲು ಮಗುವಿನ ಎಡಪಾದದ ಅಡಿಗೆ ಕೆಮ್ಮಣ್ಣು ಬಳಿದು, ಉಗುರಿನಷ್ಟಗಲದ ಚಿನ್ನದ ಹಾಳೆ ಅಂಟಿಸಿದ. ಅದರ ಮೇಲೆ ಮೈಬಣ್ಣ ಹಚ್ಚಿ ಮುಚ್ಚಿಬಿಟ್ಟ.

“ಯಾರಿಗೂ ಕಾಣಲ್ಲವಲ್ಲ ಮಾರಾಯ,” ಎಂದಿದ್ದಳು ಅವಳು.

“ಕೇಳಿದವರಿಗೆ ಗೊತ್ತು, ಕೇಳಿಸಿಕೊಂಡವನಿಗೆ ಗೊತ್ತು. ಇನ್ಯಾರಿಗೆ ತೋರಿಸಬೇಕು?”

ಆಮೇಲೆ ಬೆರಳಿಗೆ ಕುರಿಯ ಮೂತ್ರಕೋಶದ ತೊಗಲು ಸುತ್ತಿಕೊಂಡು, ನಾಲಿಗೆಯಿಂದ ಒದ್ದೆ ಮಾಡಿ, ಬಣ್ಣವನ್ನು ಉಜ್ಜಿ ಉಜ್ಜಿ ನಯ ಮಾಡಿದ್ದ. ಮರ ಹೋಗಿ ಕೂಸಿನ ಕೆನ್ನೆಯಾಗುವುದು ಆ ಉಜ್ಜುವಿಕೆಯಿಂದ. ಆ ಕೆಲಸ ಮಾಡುವಾಗ ಅವನು ಮಾತಾಡುತ್ತಿರಲಿಲ್ಲ. ಅವಳು ಎದುರಿಗೆ ಕೂತು ಅವನ ಬೆರಳನ್ನೇ ನೋಡುತ್ತಿದ್ದಳು.

ಅವನು ಬಿಟ್ಟುಹೋದ ಇನ್ನೊಂದು ತೊಗಲು ಮನೆಯ ಗೂಟದಲ್ಲಿ ಇಂದಿಗೂ ನೇತಾಡುತ್ತಿದೆ. ಒಣಗಿದ ಎಲೆಯಂತೆ ಸೆಟೆದುಕೊಂಡಿದೆ. ನೀರು ಮುಟ್ಟಿಸಲು ಅವಳಿಗೆ ಮನಸ್ಸಾಗಿಲ್ಲ.

ಪರದೆಯ ಮೇಲೆ ಗೆರೆಗಳು ಎದ್ದು ಬಿದ್ದವು. ಪುಡಿ ಸಿಡಿಯುವಾಗ ಹೊಮ್ಮುವ ಬೆಳಕನ್ನು ಯಂತ್ರ ಓದುತ್ತಿತ್ತು. ಬಣ್ಣದಲ್ಲಿರುವ ಸೀಸಕ್ಕೆ ಒಂದು ಗೆರೆ, ಮಸಿಗೆ ಇನ್ನೊಂದು.

“ಮೇಲಿನ ಮೈಬಣ್ಣ ಆಯಿತು. ಮಸಿಯೂ ಆಯಿತು. ಈಗ ಎರಡನೇ ಮೈಬಣ್ಣದೊಳಗಿದ್ದೇವೆ,” ಎಂದಳು ಆಂಪಾರೊ. “ಮಸಿ ದಪ್ಪ ಇತ್ತು. ದಾಟೋಕೆ ಹೊತ್ತು ಹಿಡೀತು.”

“ಮೇಲಿನದು ನಾನು ಹಚ್ಚಿದ್ದು,” ಎಂದ ಫಿದೆಲ್. “ಪಾದ್ರಿಗಳಿಗೆ ಆಗಲೇ ಹೇಳಿದ್ದೇನೆ. ಗಡಿಯಾಚೆ ಪಾಸ್ತೊದಲ್ಲಿ ಒಬ್ಬ ಸೇಟುವಿನ ಪೆಟ್ಟಿಗೆಯೊಳಗೆ ಬಟ್ಟೆ ಸುತ್ತಿಕೊಂಡು ಬಿದ್ದಿದ್ದ ಪಾಪ. ಎವಾರಿಸ್ತೊ ಮಾರಿದ ದಿನದಿಂದ ಹಾಗೇ. ತಂದು, ಮುಖ ಕಳೆಗೆಟ್ಟಿತ್ತು ಅಂತ ಒಂದು ಕೈ ಹಚ್ಚಿದೆ.”

ಎವಾರಿಸ್ತೊ ಅಲ್ಲೇ ಜ್ವರದಿಂದ ಸತ್ತನೆಂದೂ ಅವನು ಪಾದ್ರಿಗಳಿಗೆ ಹೇಳಿದ್ದ. ಇಲ್ಲಿ ಅದನ್ನು ಮತ್ತೆ ಹೇಳಲಿಲ್ಲ. ಲೋಟದಲ್ಲಿದ್ದ ನೇರಳೆ ಬಣ್ಣದ ಕೊಲಾದಾವನ್ನು ಗುಟುಕರಿಸಿದ. ನಾಡಿದ್ದು ಸತ್ತವರ ದಿನ. ಊರಿಗೆ ಊರೇ ಈ ಗಂಜಿಯನ್ನು ಕಾಯಿಸುತ್ತದೆ.

ಸೊಯ್ಲಾಳ ಚೀಲದಲ್ಲಿ ಆ ದಿನ ಸತ್ತವರಿಗೆ ಇಡುವ, ಕೂಸಿನ ಆಕಾರದ ಮೂರು ರೊಟ್ಟಿಗೊಂಬೆಗಳಿದ್ದವು. ಒಂದು ಅಪ್ಪನ ಗೋರಿಗೆ, ಒಂದು ಅಮ್ಮನ ಗೋರಿಗೆ. ಮೂರನೆಯದನ್ನು ವರ್ಷವೂ ಕೊಳ್ಳುತ್ತಾಳೆ. ಅದನ್ನು ಗೋರಿಗೆ ಒಯ್ಯಲು ಗೋರಿಯಿಲ್ಲ, ಊಟದ ಮೇಜಿನ ಮೇಲೆ ಇಡಲು ತಿನ್ನುವವನಿಲ್ಲ. ಅದು ಕಪಾಟಿನಲ್ಲಿ ಕಲ್ಲಾಗುತ್ತದೆ. ಗಂಡನಿಗಾಗಿ ಅಳಬೇಕೋ ಕಾಯಬೇಕೋ, ಅದೊಂದು ತಿಳಿದರೆ ಸಾಕೆಂದು ಅವಳು ಜಪಮಣಿ ಎಣಿಸುತ್ತ ಬಂದಿದ್ದಳು.

ಪರದೆಯ ಮೇಲೆ ಹಿಂದೆ ಕಾಣದಿದ್ದ ಗೆರೆಯೊಂದು ನೆಟ್ಟಗೆ ಎದ್ದಿತು.

ಆಂಪಾರೊ ತಟ್ಟನೆ ನಿಲ್ಲಿಸಿದಳು. ಸೂಕ್ಷ್ಮದರ್ಶಕದ ಚಿತ್ರವನ್ನು ದೊಡ್ಡದು ಮಾಡಿದಳು. ಸೂಜಿಮೊನೆಗಿಂತ ಚಿಕ್ಕ ಕುಳಿ. ಅದರ ಅಂಚು ಬೆಟ್ಟದ ಮೇಲಿನ ಹೊಲಗಳಂತೆ ಮೆಟ್ಟಿಲು ಮೆಟ್ಟಿಲಾಗಿ ಇಳಿದಿತ್ತು. ತಳದಲ್ಲಿ ಹೊಳಪು.

“ಚಿನ್ನ,” ಎಂದಳು ಆಂಪಾರೊ. “ನೀವು ಹೇಳಿದ್ದಿರಲ್ಲ ದೊನ್ಯಾ ಸೊಯ್ಲಾ, ಅದೇ.”

ಸೊಯ್ಲಾ ಮೇಜಿನ ಅಂಚು ಹಿಡಿದುಕೊಂಡಳು. ಆ ಬೆಳಗಿನ ಹೊತ್ತು, ಕೆಮ್ಮಣ್ಣಿನ ವಾಸನೆ, ಚಿನ್ನದ ಹಾಳೆ ಹಾರದಿರಲೆಂದು ಇಬ್ಬರೂ ಉಸಿರು ಬಿಗಿಹಿಡಿದದ್ದು, ಎಲ್ಲ ಒಮ್ಮೆಗೇ ಬಂದವು.

“ಹಾಗಾದರೆ ಇವನೇ ನಮ್ಮ ಮಗು,” ಎಂದ ಫಿದೆಲ್, ಏಳುತ್ತ. “ಬೆಲಿಸಾರಿಯೊ ಬಾಯಿಗೆ ಬೀಗ ಬಿತ್ತು. ಪಾದುಕೆ ತೊಡಿಸಿ, ಹೊರಡೋಣ. ಕೊನೇ ಬಸ್ಸು ತಪ್ಪಿದರೆ ಮಗು ಬಸ್‌ಸ್ಟ್ಯಾಂಡಿನಲ್ಲಿ ಮಲಗಬೇಕಾಗುತ್ತೆ.”

ಎಲ್ಲವೂ ಸರಿಯಾಗಿಯೇ ಕೂತಿತ್ತು. ಮೇಲಿನದು ಫಿದೆಲ್ ಹಚ್ಚಿದ್ದು. ಅದರ ಕೆಳಗೆ ಎವಾರಿಸ್ತೊನ ಬಣ್ಣ, ಹರಕೆಯ ಚಿನ್ನ. ನಡುವೆ ಬೇರೇನೂ ಇಲ್ಲ. ಗಂಡ ಕದ್ದ, ಮಾರಿದ, ಸತ್ತ. ಮೂರನೆಯ ರೊಟ್ಟಿಗೆ ಜಾಗ ಸಿಕ್ಕಿತು.

ಅವಳು ಪಾದುಕೆಗೆ ಕೈ ಚಾಚಿದಳು. ಚಾಚಿದ ಕೈ ಅಲ್ಲೇ ನಿಂತಿತು.

“ಮಗಳೇ, ಮಸಿ ದಪ್ಪ ಇತ್ತು ಅಂದೆಯಲ್ಲ. ಎಷ್ಟು ದಪ್ಪ?”

“ಚೆನ್ನಾಗಿ ಕೂತಿತ್ತು. ಬಹಳ ಕಾಲ ದೀಪದ ಮುಂದೆ ಇದ್ದ ಹಾಗೆ.”

ಸೊಯ್ಲಾ ಲೆಕ್ಕ ಹಾಕಿದಳು. ಮಗು ಕಾಣೆಯಾದದ್ದು ಕ್ರಿಸ್ಮಸ್ ಕಳೆದು ಬೂದಿ ಬುಧವಾರದ ಮರುದಿನ. ಆ ಉಪವಾಸದ ಕಾಲಕ್ಕೆ ಅವನನ್ನು ನೇರಳೆ ಬಟ್ಟೆಯಲ್ಲಿ ಮುಚ್ಚಿಡುತ್ತಾರೆ, ಮುಂದೆ ಬತ್ತಿ ಹಚ್ಚುವುದಿಲ್ಲ. ಅಷ್ಟು ಸ್ವಲ್ಪ ದಿನದಲ್ಲಿ ಕೂರುವ ಮಸಿ ಉಸಿರಿನಷ್ಟು ತೆಳ್ಳಗಿರಬೇಕು. ಆಮೇಲೆ ಪೆಟ್ಟಿಗೆ, ಬಟ್ಟೆ, ಕತ್ತಲೆ.

“ಚಿನ್ನ ದಾಟಿ ಕೆಳಗೆ ಹೋಗು,” ಎಂದಳು.

“ಏನು?” ಎಂದ ಫಿದೆಲ್. “ಸಿಗಬೇಕಾದ್ದು ಸಿಕ್ಕಿತಲ್ಲ.”

“ದಾಟಬಹುದು,” ಎಂದಳು ಆಂಪಾರೊ ನಿಧಾನವಾಗಿ. “ಆದರೆ ಬಣ್ಣಕ್ಕಿಟ್ಟ ಬಲ ಚಿನ್ನಕ್ಕೆ ಸಾಲಲ್ಲ. ಬಲ ಹೆಚ್ಚಿಟ್ಟರೆ ಅಡಿಯ ಕೆಮ್ಮಣ್ಣು ಸಿಡಿದು ಚಿನ್ನವನ್ನು ಹೊತ್ತುಕೊಂಡು ಹಾರಿಬಿಡಬಹುದು. ಅದು ನಿಮ್ಮ ಹರಕೆಯದ್ದು. ನೀವು ಹೂಂ ಅಂದರೆ ಮಾತ್ರ.”

“ಬೇಡ ಕೊಮಾದ್ರೆ.” ಫಿದೆಲ್ ಹತ್ತಿರ ಬಂದ. “ಮಗುವಿನ ಮೈ ಕೊರೆದದ್ದು ಸಾಕು. ಪೀಠದ ಮುಂದೆ ಹುಟ್ಟಿ ಬೆಳೆದವಳು ನೀನು. ಏನಾಗಿದೆ ನಿನಗೆ?”

ಅವನ ದನಿಯಲ್ಲಿ ಭಕ್ತಿಗಿಂತ ಅವಸರ ಹೆಚ್ಚಾಗಿತ್ತು. ಕಳ್ಳರ ಎದುರು ಕೂತು ತಲೆ ಹಣ್ಣಾದವಳಿಗೆ ಅವೆರಡರ ವ್ಯತ್ಯಾಸ ಗೊತ್ತು.

ಅವಳು ಮಗುವಿನ ಹಣೆ ಮುಟ್ಟಿದಳು. “ನಿನ್ನ ಕಾಲು ನೋಯಿಸ್ತಿದ್ದೀನಿ, ಕ್ಷಮಿಸಪ್ಪಾ,” ಎಂದು ಪಿಸುಗುಟ್ಟಿ, ಆಂಪಾರೊಳಿಗೆ ತಲೆಯಾಡಿಸಿದಳು.

ಆಂಪಾರೊ ಬಲವನ್ನು ಸ್ವಲ್ಪ ಸ್ವಲ್ಪವೇ ಏರಿಸಿದಳು. ಚಿನ್ನದ ಗೆರೆ ಎದ್ದಿತು, ಕುಗ್ಗಿತು. ಹಾಳೆ ಹಾರಲಿಲ್ಲ, ಕುಳಿಯ ಅಂಚಿನಲ್ಲಿ ಉಂಗುರದಂತೆ ಉಳಿಯಿತು. ಕೆಮ್ಮಣ್ಣು ಬಂತು, ಹೋಯಿತು. ಆಮೇಲೆ ಮಸಿ. ಆಮೇಲೆ ಮೈಬಣ್ಣ.

ಆಮೇಲೆ ಮತ್ತೆ ಚಿನ್ನ.

ಯಂತ್ರ ಚಿಟಿಗುಟ್ಟುತ್ತ ಇಳಿಯಿತು. ಮಸಿ, ಮೈಬಣ್ಣ, ಚಿನ್ನ. ಮಸಿ, ಮೈಬಣ್ಣ, ಚಿನ್ನ. ಸೊಯ್ಲಾ ತುಟಿ ಅಲ್ಲಾಡಿಸುತ್ತ ಎಣಿಸಿದಳು. ಜಪ ಮಾಡುತ್ತಿದ್ದಾಳೆಂದು ಆಂಪಾರೊ ಅಂದುಕೊಂಡಳು. ಒಂಬತ್ತನೆಯ ಚಿನ್ನ ದಾಟಿದ ಮೇಲೆ ಮಸಿ ಬಂತು, ಮೈಬಣ್ಣ ಬಂತು, ಅದರಡಿಯಲ್ಲಿ ಬರಿಯ ಮಸಿ. ಮತ್ತೆ ಮೈಬಣ್ಣ, ಮತ್ತೆ ಮಸಿ. ಚಿನ್ನ ಮುಗಿದಿತ್ತು.

“ಅಂದರೆ ಹರಕೆಯ ಚಿನ್ನ ಎಲ್ಲಕ್ಕಿಂತ ಕೆಳಗಿನದು,” ಎಂದಳು ಆಂಪಾರೊ. “ಅದರ ಮೇಲೆ ಇನ್ನೂ ಎಂಟು ಸಲ ಯಾರೋ ಚಿನ್ನ ಇಟ್ಟು ಬಣ್ಣ ಹಚ್ಚಿದ್ದಾರೆ.”

ಸೊಯ್ಲಾ ಫಿದೆಲ್‌ನ ಕಡೆ ತಿರುಗಿದಳು.

“ಪೆಟ್ಟಿಗೆಯೊಳಗೆ ವರ್ಷ ವರ್ಷವೂ ಮೇಣದಬತ್ತಿ ಹಚ್ಚಿದವರು ಯಾರು ಕೊಂಪಾದ್ರೆ? ಪಾಸ್ತೊದ ಸೇಟುವಾ?”

“ಯಂತ್ರ ತಪ್ಪು ಓದಿರಬಹುದು.”

“ಯಂತ್ರ ಇರಲಿ. ನಾನು ವಾಪಸು ತಂದ ಸಂತರನ್ನೆಲ್ಲ ನೀವೂ ನೋಡಿದ್ದೀರಿ. ಕದ್ದವರು ಮೊದಲು ಮಾಡೋದೇನು? ಕೆರೆಯೋದು. ಕೊಳ್ಳೋರಿಗೆ ಅಡಿಯ ಹಳೇ ಬಣ್ಣ ಬೇಕು. ಇವನನ್ನು ಯಾರೂ ಕೆರೆದಿಲ್ಲ. ಬಚ್ಚಿಟ್ಟುಕೊಂಡು ಹಬ್ಬ ಮಾಡಿದ್ದಾರೆ. ಹಾಗೆ ತಪ್ಪು ಮಾಡೋ ಕಳ್ಳ ಭೂಮಿ ಮೇಲೆ ನಮ್ಮೂರಲ್ಲಿ ಮಾತ್ರ ಹುಟ್ಟೋದು.”

ಫಿದೆಲ್ ಕುರ್ಚಿಗೆ ಮರಳಿದ. ಟೋಪಿಯ ಅಂಚನ್ನು ಒಂದು ಸುತ್ತು ತಿರುವಿದ.

“ಸರಿ. ನಾನೇ ಕದ್ದೆ ಅಂತ ಬರ್ಕೊ. ಹಿತ್ತಲ ಕೋಣೆಯಲ್ಲಿ ಇಟ್ಟಿದ್ದೆ. ಬಣ್ಣ ಹಚ್ಚಿದವನೂ ನಾನೇ. ಮುದುಕನ್ನ ಜೈಲಿಗೆ ಹಾಕಿಸಿ ಪುಣ್ಯ ಕಟ್ಕೊ.”

“ಆ ಲೋಟ ಎತ್ತಿ ಹಿಡೀರಿ.”

“ಏನು?”

“ಕೊಲಾದಾ ಚೆಲ್ಲದ ಹಾಗೆ ಒಂದು ಸಲ ಎತ್ತಿ ಹಿಡೀರಿ. ನೋಡೋಣ.”

ಅವನು ಎತ್ತಲಿಲ್ಲ. ಅವನ ಕೈ ನಡುಗಲು ಶುರುವಾಗಿ ಎಷ್ಟು ಕಾಲವಾಯಿತೆಂದು ಊರಿಗೆಲ್ಲ ಗೊತ್ತಿತ್ತು. ಪ್ಯಾಂಟಿನ ಮೇಲೆ ಆಗಲೇ ನೇರಳೆ ಹನಿಗಳಿದ್ದವು.

“ಈ ಕೈಯಿಂದ ಉಸಿರು ತಾಗಿದರೆ ಹಾರೋ ಹಾಳೆ ಇಟ್ಟಿರಾ?” ಸೊಯ್ಲಾಳ ದನಿ ತಗ್ಗಿತು. “ಆ ಪಾದದಡಿ ಚಿನ್ನ ಇದೆ ಅಂತ ಗೊತ್ತಿದ್ದದ್ದು ಇಬ್ಬರಿಗೆ. ನಾನು ಇಟ್ಟಿಲ್ಲ.”

ಫಿದೆಲ್ ಕಣ್ಣು ಮುಚ್ಚಿಕೊಂಡ.

ಎವಾರಿಸ್ತೊ ಸತ್ತಿರಲಿಲ್ಲ. ಎಲ್ಲೋ ಒಂದು ಕೋಣೆಯಲ್ಲಿ, ಒಂದೊಂದು ಕ್ರಿಸ್ಮಸ್ಸಿಗೂ, ತಮ್ಮಿಬ್ಬರ ಹರಕೆಯನ್ನು ಮತ್ತೆ ಮತ್ತೆ ಹೊರುತ್ತ ಕೂತಿದ್ದ. ಅವಳು ಇತ್ತ ಕಪಾಟಿನಲ್ಲಿ ರೊಟ್ಟಿ ಇಡುತ್ತಿದ್ದಾಗ ಅವನು ಅತ್ತ ಚಿನ್ನ ಇಡುತ್ತಿದ್ದ. ಸೊಯ್ಲಾಳ ಎದೆಯಲ್ಲಿ ಎಷ್ಟೋ ಕಾಲದಿಂದ ಸೆಟೆದಿದ್ದುದೇನೋ ಮೆತ್ತಗಾಯಿತು. ಮರುಗಳಿಗೆಯೇ ಅವಳ ಕಣ್ಣು ಪರದೆಯ ಮೇಲಿನ ಕುಳಿಗೆ ಹೋಯಿತು. ಮೆಟ್ಟಿಲುಗಳ ತುದಿಗೆ, ಎಲ್ಲಕ್ಕಿಂತ ಮೇಲಿನ ಪದರಕ್ಕೆ.

ಅವನು ಹೋದ ಮೇಲೆ ಕಳೆದ ಕ್ರಿಸ್ಮಸ್‌ಗಳು ಒಂಬತ್ತು. ಹರಕೆಯದ್ದನ್ನು ಬಿಟ್ಟರೆ ಚಿನ್ನ ಎಂಟು.

“ಮೇಲಿನದರ ಅಡಿಯಲ್ಲಿ ಚಿನ್ನ ಇರಲಿಲ್ಲ ಅಲ್ಲವಾ ಮಗಳೇ?”

“ಇರಲಿಲ್ಲ. ನೇರ ಮಸಿ.”

“ಹಚ್ಚಿದ ಕೈ ಬೇರೆಯದಾ?”

ಆಂಪಾರೊ ಪರದೆಯತ್ತ ಬಗ್ಗಿದಳು. “ಕೈ ಯಾರದ್ದು ಅಂತ ಇದು ಹೇಳಲ್ಲ ದೊನ್ಯಾ ಸೊಯ್ಲಾ. ತೆಳುವು, ನಯ, ಎಲ್ಲ ಕೆಳಗಿನ ಹಾಗೇ ಇದೆ. ಅಷ್ಟೇ ಹೇಳಬಲ್ಲೆ.”

ಹಾಗಾದರೆ ಉಳಿದದ್ದು ಎರಡೇ ದಾರಿ. ಕಳೆದ ಕ್ರಿಸ್ಮಸ್ಸಿನ ಹೊತ್ತಿಗೆ ಅವನು ಇರಲಿಲ್ಲ, ಅವನಿಂದ ಕಲಿತ ಬೇರೆ ಯಾರೋ ಹಚ್ಚಿದರು. ಇಲ್ಲವೆ ಅವನೇ ಹಚ್ಚಿದ, ಚಿನ್ನ ಇಡುವುದು ಬೇಡವೆನ್ನಿಸಿತು. ಯಾವುದನ್ನು ಬೇಡಿಕೊಳ್ಳಬೇಕೆಂದು ಅವಳಿಗೆ ತಿಳಿಯಲಿಲ್ಲ.

ಅವಳು ಫಿದೆಲ್‌ನ ಎದುರು ಬಗ್ಗಿ ಕೂತಳು. “ಪೊಲೀಸಿನವಳಾಗಿ ಕೇಳ್ತಿಲ್ಲ. ನಾಡಿದ್ದು ರೊಟ್ಟಿ ಎಲ್ಲಿಡಲಿ, ಅದೊಂದು ಹೇಳಿ. ಇದ್ದಾನಾ?”

“ಈ ಮಗುವಿನ ತಲೆ ಮೇಲೆ ಕೈಯಿಟ್ಟು ಆಣೆ ಮಾಡಿದ್ದೀನಿ ಸೊಯ್ಲಾ. ಬಾಯಿ ಬಿಡಲಾರೆ.” ಅವನ ಕಣ್ಣಲ್ಲಿ ನೀರಿತ್ತು. “ಯಾರಿಗೆ ಹೆದರಿ ಎವಾರಿಸ್ತೊ ಈ ಮಗುವನ್ನ ಹೊತ್ತು ಓಡಬೇಕಾಯಿತು ಅನ್ನೋದನ್ನ ಬೆಲಿಸಾರಿಯೊ ಅಂಗಡಿಯಲ್ಲಿ ಕೇಳು. ನನ್ನನ್ನ ಕೇಳಬೇಡ.”

ಅವನು ಎದ್ದ. ಕೋಟಿನ ಒಳಜೇಬಿನಿಂದ ಹಳೆಯ ದಿನಪತ್ರಿಕೆಯ ಚೂರಿನಲ್ಲಿ ಸುತ್ತಿದ ಪುಟ್ಟ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟ.

“ನಿನಗೆ ಕೊಡಬೇಕು ಅಂತಿತ್ತು. ಕೊಡೋದೋ ಬೇಡವೋ ಅಂತ ಇಲ್ಲಿ ಕೂತಾಗಿನಿಂದ ಒದ್ದಾಡಿದೆ.”

ಟೋಪಿ ಹಾಕಿಕೊಂಡು, ಮಗುವಿಗೆ ಮಂಡಿಯೂರಿ, ಅವನು ಹೊರಟುಹೋದ. ಹೊರಗಿನ ಅಂಗಳದ ಕಲ್ಲುಹಾಸಿನ ಮೇಲೆ ಅವನ ಊರುಗೋಲಿನ ಸದ್ದು ದೂರವಾಯಿತು.

ಸೊಯ್ಲಾಳಿಗೆ ಅರ್ಥವಾಯಿತು. ಹೀಗೆ ಜೇಬಿನಿಂದ ತೆಗೆದು, ಮುಖ ನೋಡದೆ ಮೇಜಿನ ಮೇಲಿಡುವುದು ಸತ್ತವರ ವಸ್ತುಗಳನ್ನು. ಉಂಗುರ, ಕನ್ನಡಕ, ಜಪಮಣಿ. ಅವಳೇ ಎಷ್ಟೋ ಹೆಂಗಸರ ಮುಂದೆ ಹಾಗೆ ಇಟ್ಟಿದ್ದಳು.

“ನಾನು ಬಿಚ್ಚಲಾ?” ಎಂದಳು ಆಂಪಾರೊ.

“ಬೇಡಮ್ಮ.”

ಅವಳು ಚೀಲದಿಂದ ಮೂರನೆಯ ರೊಟ್ಟಿಗೊಂಬೆಯನ್ನು ತೆಗೆದು, ಅಪ್ಪ ಅಮ್ಮನ ಗೊಂಬೆಗಳ ಪಕ್ಕಕ್ಕೆ ಮಲಗಿಸಿದಳು. ನಿತ್ಯಶಾಂತಿಯ ಪ್ರಾರ್ಥನೆಯನ್ನು ಅರ್ಧ ಹೇಳಿ, ಪೊಟ್ಟಣ ಬಿಚ್ಚಿದಳು.

ಒಳಗಿದ್ದದ್ದು ಕುರಿಯ ಮೂತ್ರಕೋಶದ ತೊಗಲು. ಬೆರಳಿಗೆ ಸುತ್ತುವಷ್ಟೇ ಅಗಲ. ಅಂಚಿನಲ್ಲಿ ಮೈಬಣ್ಣದ ಕಲೆ.

ಮನೆಯ ಗೂಟದಲ್ಲಿರುವುದರಂತೆ ಇದೂ ಸೆಟೆದಿರುತ್ತದೆಂದು ಅವಳು ಮೆಲ್ಲನೆ, ಮುರಿಯದಂತೆ ಎತ್ತಿದಳು. ಅದು ಅವಳ ಬೆರಳ ಮೇಲೆ ಮೆತ್ತಗೆ ಜೋತುಬಿತ್ತು.

ಒದ್ದೆಯಾಗಿತ್ತು.

ಅವಳು ಕಾಗದವನ್ನು ಮುಟ್ಟಿ ನೋಡಿದಳು. ಅದೂ ತೇವ. ಈ ಬೆಟ್ಟದ ಗಾಳಿಯಲ್ಲಿ ಒದ್ದೆ ತೊಗಲು ಎಷ್ಟು ಹೊತ್ತು ಒದ್ದೆಯಾಗಿರುತ್ತದೆಂದು ಅವಳಿಗೆ ಗೊತ್ತು. ಎವಾರಿಸ್ತೊ ಒಂದು ಮುಖ ಉಜ್ಜಿ ಮುಗಿಸುವುದರೊಳಗೆ ಮತ್ತೆ ಮತ್ತೆ ನಾಲಿಗೆಗೆ ತಾಗಿಸಬೇಕಾಗುತ್ತಿತ್ತು. ಸಾನ್ ಅಂತೋನಿಯೊದಿಂದ ಬೆಳಗಿನ ಬಸ್ಸಿನಲ್ಲಿ, ಮುದುಕನ ಎದೆಯ ಬಿಸಿಯಲ್ಲಿ ಬಂದದ್ದಾದರೆ ಇದು ಎಂದೋ ಎಲೆಯಾಗಿರಬೇಕಿತ್ತು.

ಇದನ್ನು ಒದ್ದೆ ಮಾಡಿ ಫಿದೆಲ್‌ನ ಕೈಗೆ ಕೊಟ್ಟದ್ದು ಈ ಪಟ್ಟಣದಲ್ಲೇ. ಮುದುಕ ಇಲ್ಲಿಗೆ ಬರುವ ಸ್ವಲ್ಪ ಹೊತ್ತಿನ ಮುಂಚೆ.

“ದೊನ್ಯಾ ಸೊಯ್ಲಾ? ಏನಾಯಿತು?”

ಎವಾರಿಸ್ತೊ ಇದ್ದಾನೆ. ಇದ್ದೂ ಕಳೆದ ಕ್ರಿಸ್ಮಸ್ಸಿಗೆ ಚಿನ್ನ ಇಡಲಿಲ್ಲ. ಎರಡೂ ಒಟ್ಟಿಗೆ ಎದೆಗೆ ಬಡಿದವು. ಯಾವುದಕ್ಕೆ ಕಣ್ಣೀರು ಬಂತೆಂದು ಅವಳಿಗೇ ತಿಳಿಯಲಿಲ್ಲ.

ಅವಳು ತೊಗಲನ್ನು ತೋರುಬೆರಳಿಗೆ ಸುತ್ತಿಕೊಂಡು ಮುಷ್ಟಿ ಬಿಗಿದಳು. ಮೂರನೆಯ ಗೊಂಬೆಯನ್ನು ಅಪ್ಪ ಅಮ್ಮನ ಪಕ್ಕದಿಂದ ಎತ್ತಿ ಬೇರೆಯಾಗಿ ಹೊದ್ದ ಶಾಲಿನಲ್ಲಿ ಕಟ್ಟಿಕೊಂಡಳು. ಬೆರಳಿನ ತೇವ ಆರುವ ಮೊದಲೇ ಅವಳು ಹೊಸ್ತಿಲು ದಾಟಿ, ಊರುಗೋಲಿನ ಸದ್ದು ಹೋದ ದಿಕ್ಕಿಗೆ ನಡೆಯುತ್ತಿದ್ದಳು.